ಬೀದರಿನವರಿಗೆ ಬೇಗ ವಯಸ್ಸಾಗುತ್ತದೆ!

ಬೀದರಿನವರಿಗೆ ಯಾದಗಿರಿಯವರಿಗಿಂತ ಬೇಗ ವಯಸ್ಸಾಗುತ್ತದೆ. ತಮಾಷೆ ಮಾಡ್ತಿಲ್ಲ. ಬೀದರ್ ಎತ್ತರದಲ್ಲಿದೆ, ಯಾದಗಿರಿ ಭೀಮಾ ದಂಡೆಯ ತಗ್ಗಿನಲ್ಲಿದೆ. ಎರಡಕ್ಕೂ ಸುಮಾರು 300 ಮೀಟರ್ ವ್ಯತ್ಯಾಸ. ಭೂಮಿಯ ಸೆಳೆತದಲ್ಲಿ ಕೆಳಗೆ ಇಳಿದಷ್ಟೂ ಗಡಿಯಾರ ನಿಧಾನ ಅಂತ ಐನ್‌ಸ್ಟೈನ್ ಹೇಳಿದ್ದರಲ್ಲ, ಆ ಲೆಕ್ಕ ನಮ್ಮೂರಿಗೂ ಅನ್ವಯಿಸುತ್ತದೆ. 300ನ್ನು 9.8ರಿಂದ ಗುಣಿಸಿ, ಬೆಳಕಿನ ವೇಗದ ವರ್ಗದಿಂದ ಭಾಗಿಸಿ. ಬಂದದ್ದನ್ನು ಒಂದು ವರ್ಷದ ಸೆಕೆಂಡುಗಳಿಂದ ಗುಣಿಸಿ. ಉತ್ತರ ಹೆಚ್ಚುಕಡಿಮೆ ಒಂದು ಮೈಕ್ರೋಸೆಕೆಂಡ್, ಅಂದ್ರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಎಪ್ಪತ್ತು ವರ್ಷ ಬಾಳಿದರೆ ಎಪ್ಪತ್ತು ಮೈಕ್ರೋಸೆಕೆಂಡ್. ಬೀದರಿಗೆ ಹೆಣ್ಣು ಕೊಡುವವರು ಇದಕ್ಕಾಗಿ ಹಿಂದೆಮುಂದೆ ನೋಡಬೇಕಿಲ್ಲ.

ನಾನು ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಟೈಮ್ ಡೈಲೇಶನ್, ಅಂದ್ರೆ ವೇಗದಿಂದಲೋ ಭೂಮಿಯ ಸೆಳೆತದಿಂದಲೋ ಗಡಿಯಾರ ನಿಧಾನವಾಗುವುದು, ಅಂದ ಕೂಡಲೇ ಮಕ್ಕಳಿಗೆ ನೆನಪಾಗುವುದು ಯೂಟ್ಯೂಬಿನ ಅವಳಿ ಅಣ್ತಮ್ಮಂದಿರು. ಒಬ್ಬ ರಾಕೆಟ್ ಹತ್ತಿ ಹೋಗ್ತಾನೆ, ವಾಪಸ್ ಬಂದಾಗ ಇವನು ಯುವಕ, ಮನೆಯಲ್ಲಿದ್ದವನು ಮುದುಕ. ತಪ್ಪೇನಿಲ್ಲ, ಭೌತಶಾಸ್ತ್ರ ಸರಿಯೇ ಇದೆ. ಆದರೆ ಅಂಥ ರಾಕೆಟ್ ಯಾರ ಹತ್ತಿರವೂ ಇಲ್ಲ. ಹಾಗಾಗಿ ಮಕ್ಕಳು ಇದನ್ನೂ ಏಳು ಸಮುದ್ರದಾಚೆಯ ರಾಜಕುಮಾರಿಯ ಸಾಲಿಗೆ ಸೇರಿಸಿಬಿಡುತ್ತಾರೆ. ಅದೇ ನನ್ನ ತಕರಾರು.

ಇನ್ನೊಂದು ಕಾಟ ವೇದಿಕೆ ಭಾಷಣದ್ದು. ಬೇಜಾರಿನಲ್ಲಿ ಹೊತ್ತು ಹೋಗಲ್ಲ, ಖುಷಿಯಲ್ಲಿ ಗಂಟೆ ನಿಮಿಷವಾಗುತ್ತದೆ, ಇದೇ ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆ ಅಂತ ಹೇಳಿ ಚಪ್ಪಾಳೆ ತಗೊಳ್ತಾರೆ. ಅದು ಮನಸ್ಸಿನ ವಿಷಯ. ಮನಸ್ಸೇ ಇಲ್ಲದ ಸೂಕ್ಷ್ಮ ಕಣ ಮ್ಯೂಯಾನ್‌ಗೆ ಬೇಜಾರು ಎಲ್ಲಿಂದ ಬರಬೇಕು?

ಈ ಮ್ಯೂಯಾನ್ ಕಣದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬಾಹ್ಯಾಕಾಶದಿಂದ ಬರುವ ಕಿರಣಗಳು ಗಾಳಿಗೆ ಬಡಿದಾಗ ಸುಮಾರು 15 ಕಿಲೋಮೀಟರ್ ಮೇಲೆ ಇವು ಹುಟ್ಟುತ್ತವೆ. ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟು ಹೊತ್ತಿಗೆ 660 ಮೀಟರ್ ದಾಟುತ್ತವೆ, ಅಷ್ಟೇ. ಲೆಕ್ಕದ ಪ್ರಕಾರ ಹೆಚ್ಚುಕಡಿಮೆ ಎಲ್ಲವೂ ದಾರಿಯಲ್ಲೇ ಸಾಯಬೇಕು. ಆದರೆ ನೀವು ಈಗ ಅಂಗೈ ಚಾಚಿದರೆ ಸೆಕೆಂಡಿಗೆ ಒಂದರಂತೆ ಅದರ ಮೂಲಕ ಹಾದುಹೋಗುತ್ತವೆ. ಅಷ್ಟು ವೇಗದಲ್ಲಿ ಓಡುವ ಕಣದ ಗಡಿಯಾರ ನಮ್ಮ ಲೆಕ್ಕಕ್ಕೆ ನಿಧಾನ, ಅದಕ್ಕೇ ನೆಲ ಮುಟ್ಟುತ್ತವೆ. ಮ್ಯೂಯಾನ್‌ಗೆ ಮಾತ್ರ ತನ್ನ ಆಯಸ್ಸು ಬೆಳೆದ ಸುದ್ದಿಯೇ ಇಲ್ಲ. ಅದರ ಲೆಕ್ಕದಲ್ಲಿ ಇಡೀ ವಾತಾವರಣವೇ ಕುಗ್ಗಿ ಕೆಲವು ನೂರು ಮೀಟರ್ ಆಗಿದೆ. ರಾಸಿ ಮತ್ತು ಹಾಲ್ ಎಂಬಿಬ್ಬರು 1941ರಲ್ಲೇ ಅಮೆರಿಕದ ಬೆಟ್ಟಗಳಲ್ಲಿ ಇದನ್ನು ಅಳೆದು ತೋರಿಸಿದರು.

ಜಿಪಿಎಸ್ ವಿಷಯ ನಿಮಗೆ ಗೊತ್ತಿರಬಹುದು. ಉಪಗ್ರಹ 20,200 ಕಿಲೋಮೀಟರ್ ಮೇಲಿದೆ. ಓಟದಿಂದ ಅದರ ಗಡಿಯಾರ ದಿನಕ್ಕೆ 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ, ಎತ್ತರದಿಂದ 45 ಮುಂದೆ ಹೋಗುತ್ತದೆ. ಕೊನೆಗೆ 38 ಮುಂದೆ. ಅಷ್ಟರಲ್ಲಿ ಬೆಳಕು 11 ಕಿಲೋಮೀಟರ್ ಓಡಿರುತ್ತದೆ, ಸಂಕೇತ ಬರಲು ಹಿಡಿದ ಹೊತ್ತಿನಿಂದಲೇ ದೂರ ಅಳೆಯುವ ಜಿಪಿಎಸ್‌ಗೆ ಅಷ್ಟೂ ತಪ್ಪೇ! ಅದಕ್ಕೆ ಹಾರಿಸುವ ಮೊದಲೇ ಗಡಿಯಾರವನ್ನು ಅಷ್ಟು ನಿಧಾನಕ್ಕೆ ಹೊಂದಿಸಿ ಕಳಿಸುತ್ತಾರೆ. ನನಗೆ ಇದಕ್ಕಿಂತ ಇಷ್ಟವಾದದ್ದು 1977ರ ಕಥೆ. ಪ್ರಯೋಗಕ್ಕೆಂದು ಹಾರಿಸಿದ ಉಪಗ್ರಹದಲ್ಲಿ ಈ ತಿದ್ದುಪಡಿಯನ್ನು ಮೊದಲು ಬಂದ್ ಇಟ್ಟಿದ್ದರು. ಐನ್‌ಸ್ಟೈನ್ ಮಾತು ನಿಜವಾದರೆ ಆಮೇಲೆ ಆನ್ ಮಾಡೋಣ ಅಂತ. 20 ದಿನ ನೋಡಿದರು. ಗಡಿಯಾರ ಹೆಚ್ಚುಕಡಿಮೆ ಹೇಳಿದಷ್ಟೇ ಮುಂದೆ ಓಡಿತ್ತು. ನಂಬದವರಿಗೂ ಜಾಗ ಇಟ್ಟುಕೊಂಡ ವಿಜ್ಞಾನ ಅಂದ್ರೆ ಇದು.

ಇಷ್ಟು ಹೇಳಿದ ಮೇಲೆ ಯಾರಾದರೂ ಒಬ್ಬರು ಅಂದೇ ಅಂತಾರೆ: "ಸರ, ಇದೆಲ್ಲ ನಮ್ಮ ಪುರಾಣದಾಗ ಮೊದಲೇ ಅದ ರೀ." ಭಾಗವತದ ರೇವತಿ ಕಥೆ ಅವರ ಮನಸ್ಸಿನಲ್ಲಿರುತ್ತದೆ. ಮಗಳಿಗೆ ವರ ಕೇಳಲು ರಾಜ ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಸಂಗೀತ ಮುಗಿಯಲಿ ಅಂತ ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. ಎಂಥ ಚೆಂದದ ಕಲ್ಪನೆ! ನಾನೂ ಮಕ್ಕಳಿಗೆ ಇದನ್ನು ಹೇಳುತ್ತೇನೆ. ಆದರೆ ಬ್ರಹ್ಮಲೋಕ ಎಷ್ಟು ಎತ್ತರ, ರಾಜನ ವೇಗ ಎಷ್ಟು, 27ರ ಬದಲು 26 ಯಾಕಾಗಲಿಲ್ಲ ಅಂತ ಕೇಳಿದರೆ ಕಥೆ ಉತ್ತರ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಕಥೆಯನ್ನು ಕಥೆಯಾಗಿರಲು ಬಿಡಿ ಮಾರಾಯ್ರೇ.

ಮಕ್ಕಳಿಗೆ ಕೈಗೆ ಎಟಕುವ ಲೆಕ್ಕ ಕೊಡಬೇಕು ಅನ್ನುವುದು ನನ್ನ ವಾದ. ಬೀದರ್ ವಾಯುನೆಲೆಯಿಂದ ಹಾಕ್ ತರಬೇತಿ ವಿಮಾನಗಳು ಹಾರುವುದನ್ನು ನಮ್ಮ ಕಡೆಯ ಎಷ್ಟೋ ಹುಡುಗರು ನೋಡಿದ್ದಾರೆ. ಒಂದು ವಿಮಾನ ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ, ಅಲ್ಲೇ ಸುತ್ತು ಹೊಡೆಯುತ್ತ ಹಾರುತ್ತಿದೆ ಅಂದುಕೊಳ್ಳಿ. ವೇಗ ಪೈಲಟ್‌ನ ಗಡಿಯಾರವನ್ನು ಹಿಂದಕ್ಕೆ ಎಳೆಯುತ್ತದೆ, ಎತ್ತರ ಮುಂದಕ್ಕೆ ತಳ್ಳುತ್ತದೆ. ಎರಡೂ ಸರಿಸಮ ಆಗುವುದು ಯಾವ ಎತ್ತರದಲ್ಲಿ? ವೇಗದ ವರ್ಗವನ್ನು ಎರಡು ಪಟ್ಟು 9.8ರಿಂದ ಭಾಗಿಸಿದರೆ ಸಾಕು, ಬೆಳಕಿನ ವೇಗ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ನೆಲದಿಂದ ಸುಮಾರು ಎರಡೂವರೆ ಕಿಲೋಮೀಟರ್. ಅದಕ್ಕಿಂತ ಕೆಳಗೆ ಹಾರಿದರೆ ಪೈಲಟ್ ಕೂದಲೆಳೆಯಷ್ಟು ಚಿಕ್ಕವನಾಗಿ ಇಳಿಯುತ್ತಾನೆ, ಮೇಲೆ ಹಾರಿದರೆ ದೊಡ್ಡವನಾಗಿ.