ಅದಕ್ಕೆ ಕಾಲಂ ಇಲ್ಲ ಸರ್

ಪಿಯುಸಿ ರಿಸಲ್ಟ್ ಬಂತು. ನಮ್ಮ ಏರಿಯಾದ ಕರೆಂಟ್ ಕಂಬಗಳಿಗೆಲ್ಲ ಮಕ್ಕಳ ಮುಖ ಬಂತು. 600ಕ್ಕೆ 597, 596, 595. ಹಾರ, ಶಾಲು, ಪೇಡ ಎಲ್ಲ ಇದೆ. ಆದರೆ ಫ್ಲೆಕ್ಸಿನಲ್ಲಿ ಹುಡುಗ ಎಷ್ಟು ತೆಗೆದ ಅಂತ ಇರುತ್ತದೆಯೇ ಹೊರತು ಏನು ಓದಿದ ಅಂತ ಹುಡುಕಿದರೂ ಸಿಗುವುದಿಲ್ಲ.

ನಮ್ಮ ಅಕ್ಕನ ಮಗಳಿಗೆ ಲೆಕ್ಕ ಅಂದರೆ ಪ್ರಾಣ. ಕಾಮರ್ಸ್ ತೆಗೆದುಕೊಂಡರೂ ಸ್ಟ್ಯಾಟಿಸ್ಟಿಕ್ಸ್, ಬೇಸಿಕ್ ಮ್ಯಾಥ್ಸ್ ಎರಡನ್ನೂ ಹಟ ಮಾಡಿ ತೆಗೆದುಕೊಂಡಳು. ಭಾಷೆ ಕನ್ನಡ. 547 ಬಂತು. ಬಿ.ಕಾಂ ಅರ್ಜಿ ಹಿಡಿದು ಒಂದು ದೊಡ್ಡ ಕಾಲೇಜಿಗೆ ಹೋದೆವು. ಕೌಂಟರಿನವರು ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ಹುಡುಕುತ್ತಿದ್ದರು, ಅಷ್ಟರಲ್ಲಿ ಇವಳು '91.16' ಅಂದಳು. ಅವರು ನಂಬದೆ ಇನ್ನೊಮ್ಮೆ ಒತ್ತಿ ನೋಡಿದರು. ನಾನು ಸುಮ್ಮನಿರಲಾರದೆ, ಇವಳ ಸಬ್ಜೆಕ್ಟ್ ಸ್ವಲ್ಪ ಕಷ್ಟದ್ದು ಅಂತ ಶುರು ಮಾಡಿದೆ. ಕನ್ನಡಕದ ಮೇಲಿಂದ ನೋಡಿ, 'ಅದಕ್ಕೆ ಕಾಲಂ ಇಲ್ಲ ಸರ್' ಅಂದರು.

ತಪ್ಪು ನಮ್ಮದೇ. ಎದುರುಮನೆಯವರು ಆಗಲೇ ಬುದ್ಧಿ ಹೇಳಿದ್ದರು: 'ಕನ್ನಡ ಯಾಕೆ ಕೊಡಿಸ್ತೀರಿ, ಸಂಸ್ಕೃತ ಸ್ಕೋರಿಂಗ್ ಅಲ್ವಾ?' ಈ ಸ್ಕೋರಿಂಗ್ ಅನ್ನುವ ಪದ ನೋಡಿ. ಅವರ ಮಗ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಸಂಸ್ಕೃತಕ್ಕೆ 125ಕ್ಕೆ 125. ಸಂಸ್ಕೃತದ ಮೇಲೆ ನನಗೆ ಸಿಟ್ಟಿಲ್ಲ, ಪಾಪ ಅದೇನು ಮಾಡೀತು. ಹೋದ ತಿಂಗಳು ಅವರ ಗೃಹಪ್ರವೇಶದಲ್ಲಿ ಪುರೋಹಿತರು ಸಂಕಲ್ಪ ಹೇಳುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಇದೇ 125ರ ಹುಡುಗನನ್ನು, ಏನಪ್ಪಾ ಅದರ ಅರ್ಥ ಅಂತ ಕೇಳಿದೆ. 'ಔಟ್ ಆಫ್ ಸಿಲಬಸ್ ಅಂಕಲ್' ಅಂದ. ಪಾಯಸ ನೆತ್ತಿಗೆ ಹತ್ತಿತು.

ಆದರೆ ಹುಡುಗನನ್ನು ಬೈಯುವುದು ಹೇಗೆ? 2024ರ ಸಿಇಟಿಯಲ್ಲಿ, ಅದೇ ಇಂಜಿನಿಯರಿಂಗ್ ಮುಂತಾದ ಕೋರ್ಸಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆಯಲ್ಲಿ, ದೊಡ್ಡವರೇ ಸಿಲಬಸ್ ಮರೆತಿದ್ದರಲ್ಲ. ಪುಸ್ತಕದಿಂದ ಕಿತ್ತು ಹಾಕಿದ ಪಾಠದಿಂದಲೇ ಪ್ರಶ್ನೆ ಕೇಳಿದರು. ಗಲಾಟೆಯಾದ ಮೇಲೆ 240ರಲ್ಲಿ 50 ಪ್ರಶ್ನೆ ಕೈಬಿಟ್ಟರು. ಎಂಥ ಔದಾರ್ಯ! ಮ್ಯಾಥ್ಸ್ ಒಂದರಲ್ಲೇ 15 ಹೋದವು. 60 ಪ್ರಶ್ನೆಗೆ 80 ನಿಮಿಷ, ಅಂದರೆ ಆ ಹದಿನೈದರ ಪಾಲು 20 ನಿಮಿಷ. ಮೇಷ್ಟ್ರು ಪಾಠ ಮಾಡಿಲ್ಲದ ಲೆಕ್ಕವನ್ನು, ನಾನೇ ಓದಿಲ್ಲವೇನೋ ಅಂತ ಕೈ ನಡುಗಿಸಿಕೊಂಡು ಬಿಡಿಸುತ್ತಾ ಕೂತ ಮಗುವಿಗೆ ಆ ಇಪ್ಪತ್ತು ನಿಮಿಷ ವಾಪಸ್ ಕೊಟ್ಟವರು ಯಾರು? ಯಾರೂ ಕೊಡಲಿಲ್ಲ. ನಗಿಸುವಂಥದ್ದು ಏನೂ ಇಲ್ಲ ಇದರಲ್ಲಿ. ನನಗೆ ಸಾಕಾಗಿದೆ.

ಒಂದು ಬೋರ್ಡಿನ 90 ಇನ್ನೊಂದು ಬೋರ್ಡಿನ 90ಕ್ಕೆ ಸಮವೇ ಅಂತ ದೇಶದಲ್ಲಿ ಯಾರಿಗೂ ಹೊಳೆಯಲೇ ಇಲ್ಲ ಅಂತಲ್ಲ. ಇಂಜಿನಿಯರಿಂಗ್‌ಗೆ ದೇಶಮಟ್ಟದ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್‌ನವರು 2013ರಿಂದ 2016ರ ತನಕ ರ‍್ಯಾಂಕಿನಲ್ಲಿ 40 ಪರ್ಸೆಂಟ್ ಬೋರ್ಡ್ ಅಂಕಕ್ಕೆ ಬಿಟ್ಟು, ಎಲ್ಲ ಬೋರ್ಡನ್ನೂ ಪರ್ಸೆಂಟೈಲ್ (ತನ್ನ ಬೋರ್ಡಿನಲ್ಲಿ ನೂರಕ್ಕೆ ಎಷ್ಟು ಮಂದಿಗಿಂತ ಮುಂದಿದ್ದಾನೆ) ಅನ್ನುವ ತಕ್ಕಡಿಗೆ ಹಾಕಿದ್ದರು. 2017ರಲ್ಲಿ ತಕ್ಕಡಿಯನ್ನೇ ಅಟ್ಟದ ಮೇಲಿಟ್ಟರು. ನಮ್ಮ ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ, ಅರ್ಧ ಪಿಯು ಅಂಕ. ಪಿಯು ಆದರೂ ಅಷ್ಟೇ, ಸಿಬಿಎಸ್‌ಇ ಆದರೂ ಅಷ್ಟೇ, ಕೂಡಿಸು, ಮುಂದೆ ಹೋಗು. ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳು 2021ರಲ್ಲಿ ಕಟಾಫನ್ನು 100ಕ್ಕೇ ಏರಿಸಿದ್ದವು. ಅದಕ್ಕಿಂತ ಮೇಲೆ ನಂಬರ್ ಇರಲಿಲ್ಲ, ಅದಕ್ಕೆ ನಿಲ್ಲಿಸಿದರು.

ಮೊನ್ನೆ ಮೂರನೇ ಲಿಸ್ಟ್ ಬಂತು. ಅದರಲ್ಲೂ ನಮ್ಮ ಹುಡುಗಿಯ ಹೆಸರಿಲ್ಲ. ಮ್ಯಾನೇಜ್‌ಮೆಂಟ್ ಸೀಟಿಗೆ ಎಷ್ಟಾಗುತ್ತದೆ, ಹಾಗೇ ವಿಚಾರಿಸಿಕೊಂಡು ಬಾ ಅಂತ ಅಕ್ಕ ಫೋನ್ ಮಾಡಿದ್ದಳು. ಹೋಗಿ ಅದೇ ಕೌಂಟರಿನಲ್ಲಿ ಕೇಳಿದೆ. ಈ ಸಲ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಅದಕ್ಕೆ ಕಾಲಂ ಇದೆಯಂತೆ.