ಹಳಸಿದ್ದಲ್ಲ ಮಾಮಾ, ಹುಳಿ ಬರಿಸಿದ್ದು

ಬೆಂಗಳೂರಲ್ಲಿ ಕೆಲಸ ಮಾಡುವ ನನ್ನ ಸೋದರಳಿಯ ಕಲಬುರಗಿಗೆ ಬಂದಾಗೆಲ್ಲ ನನಗೆ ಏನಾದರೂ ತರುತ್ತಾನೆ. ಹೋದ ಸಲ ಎಣ್ಣೆ ಇಲ್ಲದೆ ಹುರಿಯುವ ಮಶೀನು ತಂದಿದ್ದ. ಅದರಲ್ಲಿ ನಮ್ಮವಳು ಈಗ ಬೆಳ್ಳುಳ್ಳಿ ಇಡುತ್ತಾಳೆ. ಈ ಸಲ ಮೇ ತಿಂಗಳ ಬಿಸಿಲಲ್ಲಿ ಬಂದವನು ಬ್ಯಾಗಿನಿಂದ ಟವೆಲ್ ಸುತ್ತಿದ ಡಬ್ಬಿಯೊಂದನ್ನು ತೆಗೆದು, ಪಡಸಾಲೆಯಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡು ನನ್ನ ಕೈಗಿಟ್ಟ. ಮೇಲೆ ಮಾವಿನಹಣ್ಣು, ರಾಸ್ಪ್‌ಬೆರಿ ಚಿತ್ರ.

"ಬಿಯರ್ ಮಾಮಾ. ಹಣ್ಣು ಹಾಕಿದ ಹುಳಿ ಬಿಯರ್. ಒಂದಕ್ಕ ಮುನ್ನೂರೈವತ್ತು."

ನಾನು ಬಿಯರ್ ಕುಡಿಯುವುದು ವರ್ಷಕ್ಕೆ ಎರಡು ಸಲ, ಅದೂ ಬೇರೆಯವರ ದುಡ್ಡಲ್ಲಿ. ಆದರೆ ಹುಳಿ ಅಂದರೆ ನನಗೆ ಹೆದರಿಕೆ ಇಲ್ಲ. ಪುಂಡಿಪಲ್ಯ ತಿಂದು ಬೆಳೆದ ನಾಲಿಗೆ ಇದು. ನಿನ್ನೆಯ ಪುಂಡಿಪಲ್ಯವೇ ಇವತ್ತಿಗೆ ಜಾಸ್ತಿ ರುಚಿ ಅಂತ ರೊಟ್ಟಿಗೆ ಹಚ್ಚಿಕೊಳ್ಳುವವರು ನಾವು. ಬಿಯರ್ ಹುಳಿ ಇದ್ದರೆ ಎಷ್ಟು ಇದ್ದೀತು?

ಗೆಳೆಯರನ್ನು ಕಾಣಲು ಸೂಪರ್ ಮಾರ್ಕೆಟ್ ಕಡೆ ಹೊರಟ ಅಳಿಯ ಹೊಸ್ತಿಲಲ್ಲಿ ನಿಂತು ಹೇಳಿದ: "ಥಂಡ ಮಾಡಿ, ಒಂದ್ಸಲ ಮೆಲ್ಲಕ ತಲೆಕೆಳಗ ಮಾಡಿ ತೆಗಿ. ಹಣ್ಣಿನ ತಿರುಳು ತಳದಾಗ ಕುಂತಿರ್ತದ." ನನ್ನ ಕಿವಿಗೆ ಬಿದ್ದದ್ದು ತಿರುಳಿನ ಮಾತಷ್ಟೇ. 'ಮೆಲ್ಲಕ' ಅನ್ನೋದು ಕೂಲರ್ ಸದ್ದಲ್ಲಿ ಹೋಯಿತು.

ಡಬ್ಬಿಯನ್ನು ಫ್ರಿಜ್ಜಿನಲ್ಲಿ ಪುಂಡಿಸೊಪ್ಪಿನ ಕಟ್ಟಿನ ಕೆಳಗೆ ಮುಚ್ಚಿಟ್ಟೆ. ಸಂಜೆ ಅವ್ವ ಮತ್ತು ನಮ್ಮವಳು ಶರಣಬಸವೇಶ್ವರ ಗುಡಿಗೆ ಹೋದರು. ತೆಗೆದು ನೋಡಿದರೆ ಡಬ್ಬಿ ಇನ್ನೂ ಉಗುರುಬೆಚ್ಚಗೆ. ಮಧ್ಯಾಹ್ನವೆಲ್ಲ ಕರೆಂಟ್ ಇರಲಿಲ್ಲ, ಹೊರಗೆ 43 ಡಿಗ್ರಿ. ಕಾಯೋಣ ಅಂದರೆ ಅವರು ಒಂದು ತಾಸಿನಲ್ಲಿ ವಾಪಸ್. ಕೆಮ್ಮಿನ ಔಷಧಿಯ ಬಾಟ್ಲಿ ಅಲ್ಲಾಡಿಸಿದ ಹಾಗೆ ಎಂಟತ್ತು ಸಲ ಜೋರಾಗಿ ಅಲ್ಲಾಡಿಸಿ ಕೊಂಡಿ ಎಳೆದೆ.

ಬುಸ್ ಅಂತು. ಮೊದಲ ಪಿಚಕಾರಿ ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಎರಡನೆಯದು ನನ್ನ ಬಿಳಿ ಬನಿಯನ್ನಿಗೆ. ಉಳಿದ ಕೆಂಪು ನೊರೆ ಕೈಮೇಲಿಂದ ಹರಿದು ನೆಲದ ಶಹಾಬಾದ್ ಪರ್ಸಿ ಮೇಲೆ ಬಿತ್ತು. ಮೂಲೆಯ ಸ್ಟೂಲಿನ ಮೇಲಿದ್ದ ಅವ್ವನ ತಾಮ್ರದ ತಂಬಿಗೆಗೂ ಹನಿ ಸಿಡಿದಿತ್ತು, ಅದು ಆಗ ಕಾಣಲಿಲ್ಲ. ಹೋಳಿ ಮುಗಿದು ಎರಡು ತಿಂಗಳಾದ ಮೇಲೆ ಮನೆಯೊಳಗೆ ಒಬ್ಬನೇ ಹೋಳಿ ಆಡಿದ ಮನುಷ್ಯ ನಾನು.

ಅರ್ಧ ಡಬ್ಬಿ ಉಳಿದಿತ್ತು. ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ. ವಾಸನೆ ಮಾತ್ರ ಏನು ಹೇಳಲಿ, ಮಾವಿನಹಣ್ಣಿನ ಬುಟ್ಟಿಯಲ್ಲಿ ಮುಖ ಇಟ್ಟ ಹಾಗೆ. ಸಿಹಿಗೆ ತಯಾರಾದ ನಾಲಿಗೆಯ ಮೇಲೆ ಒಂದು ಗುಟುಕು ಹಾಕಿದೆ. ಎಡಗಣ್ಣು ತಾನಾಗಿಯೇ ಮುಚ್ಚಿತು. ಕಿವಿಯ ಕೆಳಗೆ, ದವಡೆ ಸೇರುವ ಕಡೆ, ಯಾರೋ ಚಿವುಟಿದ ಹಾಗಾಯಿತು. ಹುಣಸೆಕಾಯಿ ಕಚ್ಚಿದರೆ ಆಗುತ್ತಲ್ಲ, ಅದೇ ಜಾಗ.

ಅಳಿಯನಿಗೆ ಫೋನ್ ಹಚ್ಚಿದೆ. "ಲೇ, ಇದು ಹಳಸ್ಯಾದ."

"ಹಳಸಿದ್ದಲ್ಲ ಮಾಮಾ, ಬೇಕಂತಲೇ ಹುಳಿ ಬರಿಸಿದ್ದು," ಅಂತ ಶುರು ಮಾಡಿದ. ಮೊಳಕೆ ಬರಿಸಿದ ಧಾನ್ಯದ ರಸವನ್ನು ಬಿಸಿನೀರಲ್ಲಿ ತೆಗೆದು, ಮೊಸರಾಗಿಸುವ ಜಾತಿಯದೇ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಬಿಟ್ಟು, 35ರಿಂದ 45 ಡಿಗ್ರಿಯಲ್ಲಿ ಒಂದೆರಡು ದಿನ ಇಡುತ್ತಾರಂತೆ. ಹುಳಿ ಬಂದ ಮೇಲೆ ಕುದಿಸಿ, ಯೀಸ್ಟ್ ಹಾಕಿ, ಆಮೇಲೆ ಹಣ್ಣಿನ ತಿರುಳು. ಅಂದರೆ ಬೆಂಗಳೂರಲ್ಲಿ ಇದಕ್ಕೆ ಪಾತ್ರೆ ಬಿಸಿ ಮಾಡಬೇಕು. ನಮ್ಮೂರಲ್ಲಿ ಮಾಳಿಗೆ ಮೇಲೆ ಇಟ್ಟರೆ ಸಾಕು.

"ಮತ್ತ ಹಣ್ಣಿಂದು ಸಿಹಿ ಎಲ್ಲಿ ಹೋತು?"

"ಯೀಸ್ಟ್ ತಿಂತದ ಮಾಮಾ. ಬಣ್ಣ, ವಾಸನಿ ಉಳೀತಾವ. ಡಬ್ಬಿ ಬಿಸಿ ಆದ್ರ ಉಳಿದ ಸಕ್ರೀನೂ ತಿಂದು ಗ್ಯಾಸ್ ಮಾಡ್ತದ. ಅದಕ್ಕ ಥಂಡ ಇಡು ಅಂದಿದ್ದೆ."

ಕ್ಯಾಲೆಂಡರ್ ಕಡೆ ನೋಡಿದೆ. ಸುಮ್ನಾದೆ.

ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಜರ್ಮನಿಯ ಗೋಸ್ಲಾರ್ ಊರಿನ ಹುಳಿ ಬಿಯರ್‌ಗೆ ಉಪ್ಪು, ಕೊತ್ತಂಬರಿ ಬೀಜ ಹಾಕುತ್ತಾರಂತೆ. ಇನ್ನು ಒಗ್ಗರಣೆ ಒಂದು ಬಾಕಿ, ಅಲ್ವಾ? ಬರ್ಲಿನ್ ಜನ ತಮ್ಮ ಹುಳಿ ಬಿಯರ್‌ಗೆ ರಾಸ್ಪ್‌ಬೆರಿ ಶರಬತ್ತು ಬೆರೆಸಿಕೊಂಡು ಕುಡಿಯುತ್ತಾರಂತೆ. ಇದನ್ನು ಮೊದಲೇ ಹೇಳಬಾರದಾ! ಕಪಾಟಿನಲ್ಲಿ ಗುಲಾಬಿ ಶರಬತ್ತಿನ ಬಾಟ್ಲಿ ಇತ್ತು. ಎರಡು ಚಮಚ ಹಾಕಿದೆ. ಈಗ ಅದು ಮದುವೆ ಮನೆಯಲ್ಲಿ ಅತ್ತರು ಹಚ್ಚಿದವರ ಪಕ್ಕ ಕೂತು ನಿಂಬೆಹಣ್ಣು ಚೀಪಿದ ಹಾಗಾಯಿತು. ಬರ್ಲಿನ್ ಜನರ ತಪ್ಪಲ್ಲ ಬಿಡಿ.

ನೆಲ ಒರೆಸುತ್ತಿದ್ದಾಗ ಗೇಟು ಕಿರ್ ಅಂತು. ಮೂವತ್ತು ವರ್ಷದಲ್ಲಿ ನಾನು ನೆಲ ಒರೆಸಿದ್ದನ್ನು ನಮ್ಮವಳು ನೋಡಿಲ್ಲ. ಬೇರೆ ಸಾಕ್ಷಿ ಬೇಕಿರಲಿಲ್ಲ.

ಅವ್ವ ಲೋಟ ಮೂಸಿ ನೋಡಿದಳು. "ಇದು ಮಧ್ಯಾಹ್ನದ ಸೇಂದಿ," ಅಂದಳು. ಅವಳ ತವರಿನ ಕಡೆ ಈಚಲ ಮರದಿಂದ ಬೆಳಿಗ್ಗೆ ಇಳಿಸಿದ ಸೇಂದಿ ಸಿಹಿಯಾಗಿರುತ್ತಿತ್ತಂತೆ. ಬಿಸಿಲೇರಿದ ಹಾಗೆ ಹುಳಿ. "ಹುಳಿ ಆಗಿದ್ದು ಯಾರೂ ಕೊಳ್ತಿದ್ದಿಲ್ಲ. ಎಷ್ಟ್ ಕೊಟ್ಟಾನ ಇದಕ್ಕ?" ರೇಟು ಕೇಳಿ ಗಾಬರಿಯಾದ ಅವ್ವ ನನ್ನ ತಂಗಿಗೆ ಫೋನ್ ಮಾಡಿ, ನಿನ್ನ ಮಗನಿಗೆ ಬೆಂಗಳೂರಲ್ಲಿ ಮೋಸ ಮಾಡುತ್ತಿದ್ದಾರೆ ಅಂತ ಅರ್ಧ ತಾಸು ಮಾತಾಡಿದಳು.

ಮರುದಿನ ಬೆಳಕಲ್ಲಿ ಪೂರ್ತಿ ಲೆಕ್ಕ ಸಿಕ್ಕಿತು. ಪರ್ಸಿ ಮೇಲಿನ ಕೆಂಪು ಹೋಗಿತ್ತು. ಆದರೆ ನೊರೆ ನಿಂತ ಕಡೆ ಹೊಳಪೂ ಹೋಗಿ, ರೊಟ್ಟಿಯಗಲ ಮಬ್ಬು ಬಿದ್ದಿತ್ತು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಅಷ್ಟೊಂದು ಸಿಮೆಂಟ್ ಕಾರ್ಖಾನೆ ಇರುವುದೂ ಆ ಕಲ್ಲಿನಿಂದಲೇ. ಹುಳಿ ಬಿದ್ದರೆ ಅದರ ಮೇಲ್ಮೈ ತಿಂದುಹೋಗುತ್ತದೆ. ಈಗ ಅಲ್ಲೊಂದು ಮ್ಯಾಟು ಹಾಸಿದೆ.

ತಾಮ್ರದ ತಂಬಿಗೆಯ ಕಥೆ ಉಲ್ಟಾ. ಕಂದು ತಿರುಗಿದ್ದ ಅದರ ಹೊಟ್ಟೆಯ ಮೇಲೆ ಹನಿ ಬಿದ್ದ ಕಡೆಯೆಲ್ಲ ಬೊಟ್ಟಿಟ್ಟ ಹಾಗೆ ಹೊಳಪು. ನಮ್ಮವಳು ಅದನ್ನು ಕಿಟಕಿಯ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಲೋಟದಲ್ಲಿ ಉಳಿದಿದ್ದನ್ನು ಸುರಿದು, ತೆಂಗಿನ ನಾರಲ್ಲಿ ತಿಕ್ಕಿದಳು. ಹುಣಸೆಹಣ್ಣಿನಲ್ಲಿ ತಿಕ್ಕಿದ್ದಕ್ಕೇನೂ ಕಡಿಮೆ ಇರಲಿಲ್ಲ.

ಆ ರಾತ್ರಿ ಅಳಿಯ ರೈಲು ಹತ್ತಲು ಹೊರಟ. ಐದಕ್ಕೆ ಎಷ್ಟು ಸ್ಟಾರ್ ಕೊಡ್ತಿ ಮಾಮಾ, ಆ್ಯಪಿನಲ್ಲಿ ಹಾಕಬೇಕು ಅಂತ ಕೇಳಿದ. ನಾನು ಯೋಚಿಸುತ್ತಿದ್ದೆ. ಒಳಗಿಂದ ನಮ್ಮವಳ ದನಿ ಬಂತು:

"ಪಂಚಮಿಗಿ ಬರಾಗ ಮತ್ತೆರಡು ತಗೊಂಡ್ ಬಾರಪ್ಪ. ಬಚ್ಚಲದಾಗಿನ ಹಂಡೆ ತಿಕ್ಕೋದದ."