ಕೂಸಿನ ಬಾಯಿಗೆ ಯಾರ ಬೆರಳೂ ಬೇಡ

ನಿನ್ನೆ ಮಂಡ್ಯದಲ್ಲಿ ನೆಂಟರ ಮನೆಗೆ ಬಾಣಂತಿ ನೋಡೋಕೆ ಹೋಗಿದ್ದೆ. ಬಂದವರೆಲ್ಲ ಜೇನುತುಪ್ಪದ ಬಟ್ಟಲಿಗೆ ಬೆರಳದ್ದಿ ಕೂಸಿಗೆ ನೆಕ್ಕಿಸುತ್ತಿದ್ದರು. ಬಸ್ಸಿಳಿದು ಬಂದ ಕೈ, ದುಡ್ಡು ಎಣಿಸಿದ ಕೈ. ಪಕ್ಕದಲ್ಲಿ ಒಳಲೆ ತುಂಬ ಸಕ್ಕರೆ ನೀರು. ಕಾಯಿಸಿದ್ದಲ್ಲ, ಬಿಂದಿಗೆಯಿಂದ ಬಗ್ಗಿಸಿದ್ದು. ನನಗೆ ಸುಮ್ನಿರೋಕೆ ಆಗಲಿಲ್ಲ. "ಕೈ ತೊಳ್ಕೊಳ್ಳಿ ಅತ್ತೆ" ಅಂದೆ. ಮುಖ ತಿರುಗಿಸಿದರು. ತಿರುಗಿಸಲಿ.

ನಮ್ಮ ಮನೆಯಲ್ಲಿ ಆಗಿದ್ದು ಹೇಳ್ತೀನಿ ಕೇಳಿ. ತಂಗಿ ಮಗು ಹುಟ್ಟಿ ತಿಂಗಳೂ ತುಂಬಿರಲಿಲ್ಲ. ಹಾಲು ಬಿಟ್ಟಿತು, ಅಳು ಸಣ್ಣಗಾಯಿತು. ಹೊಟ್ಟೆ ಉಬ್ಬಿತ್ತು, ಕಣ್ಣು ಹಳದಿ. ಜ್ವರವೇ ಇಲ್ಲ, ಪಾದ ತಣ್ಣಗೆ. ದೃಷ್ಟಿಯಾಗಿದೆ ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ಮೈಸೂರಿಗೆ ಓಡಿಸಿಕೊಂಡು ಹೋದ ಮೇಲೆ, ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ನಲ್ಲಿ ಬಂದದ್ದು ಟೈಫಾಯಿಡ್. ಇಷ್ಟು ಎಳೆ ಕೂಸಿಗೆ ಅಪರೂಪ. ಆದರೆ ಬಂದರೆ ರಕ್ತದಲ್ಲಿ ಹರಡಿ ಮಿದುಳಿನ ಪೊರೆಗೂ ಹೋಗಬಹುದು. ಕೈಯಲ್ಲಿ ನರ ಸಿಗದೆ ತಲೆಗೆ ಸೂಜಿ ಹಾಕಿದ್ದರು. ಅದನ್ನು ನೋಡಿದ ಮೇಲೆ ಈ ವಿಷಯದಲ್ಲಿ ನನಗೆ ತಾಳ್ಮೆ ಇಲ್ಲ.

ಬಸುರಿಯಲ್ಲಿ ತಾಯಿಗೆ ಟೈಫಾಯಿಡ್ ಇದ್ದರೆ ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ದಾಟಬಹುದು, ಹೆರಿಗೆ ಹೊತ್ತಲ್ಲೂ ದಾಟಬಹುದು. ಅದಕ್ಕೇ ಬಸುರಿಗೆ ಜ್ವರ ಬಿಡದಿದ್ದರೆ ಟೈಫಾಯಿಡ್‌ಗೆ ಮಾಡುವ ವಿಡಾಲ್ ರಕ್ತಪರೀಕ್ಷೆ ಒಂದನ್ನೇ ನಂಬಬೇಡಿ. ಆಂಟಿಬಯೋಟಿಕ್ ಶುರುವಾಗುವ ಮೊದಲೇ ಬ್ಲಡ್ ಕಲ್ಚರ್ ಕೇಳಿ. ಹುಟ್ಟಿದ ಮೇಲೆ ಅದು ಬರುವ ದಾರಿ ಬಾಯಿ. ಟೈಫಾಯಿಡ್ ವಾಸಿಯಾದ ಕೆಲವರ ಪಿತ್ತಕೋಶದಲ್ಲಿ ರೋಗಾಣು ವರ್ಷಗಟ್ಟಲೆ ಕೂತಿರುತ್ತದೆ. ಗಟ್ಟಿಮುಟ್ಟಾಗಿ ಓಡಾಡಿಕೊಂಡೇ ಇರುತ್ತಾರೆ. ಕಕ್ಕಸಿಗೆ ಹೋಗಿ ಸೋಪು ಮುಟ್ಟದೆ ಬಂದರೆ, ಅದೇ ಬೆರಳು ಜೇನಿಗೆ!

"ನಾವೆಲ್ಲ ಹಾಗೇ ಬೆಳೆದವರಲ್ವಾ?" ಅಂತಾರೆ. ನಿಮ್ಮನ್ನು ಬೆಳೆಸಿದ ಅಜ್ಜಿ ಎಷ್ಟು ಹೆತ್ತರು, ಎಷ್ಟು ಉಳಿದವು, ಕೇಳಿದ್ದೀರಾ?

ಲಸಿಕೆ ಇದೆಯಲ್ಲ ಅನ್ನುವವರೂ ಇದ್ದಾರೆ. ಟೈಫಾಯಿಡ್ ಕಾಂಜುಗೇಟ್ ಲಸಿಕೆ 6 ತಿಂಗಳು ತುಂಬಿದ ಮೇಲೆ. ಟೈಫಾಯಿಡ್ ಥರದ್ದೇ ಇನ್ನೊಂದು ಜ್ವರ ಪ್ಯಾರಾಟೈಫಾಯಿಡ್, ಅದನ್ನು ತಡೆಯೋಕೆ ಈ ಲಸಿಕೆಗೆ ಆಗಲ್ಲ. ಆ 6 ತಿಂಗಳು ಕೂಸಿಗೆ ತಾಯಿಹಾಲು ಬಿಟ್ಟರೆ ಬೇರೇನೂ ಬೇಡ. ಜೇನು ಬೇಡ, ಬಜೆ ಬೇಡ, ಬೇಸಿಗೆ ಅಂತ ನೀರೂ ಬೇಡ.

ನಿನ್ನೆ ಆ ಬಾಣಂತಿ ಹುಡುಗಿಯ ಮುಖ ನೋಡಬೇಕಿತ್ತು. ಅವಳಿಗೆ ಎಲ್ಲ ಗೊತ್ತು, ತಾಯಿ ಕಾರ್ಡಿನಲ್ಲಿ ಓದಿದ್ದಾಳೆ. ಅತ್ತೆ, ನಾದಿನಿ, ದೊಡ್ಡಮ್ಮಂದಿರ ಮುಂದೆ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಗಂಡ ಹಜಾರದಲ್ಲಿ ಕೂತು ಮೊಬೈಲ್ ನೋಡುತ್ತಿದ್ದ. ಏಳಪ್ಪಾ ಮಾರಾಯ, ಬಚ್ಚಲ ಹತ್ತಿರ ಸೋಪು ಇಡು, ನಿಮ್ಮಮ್ಮನಿಗೆ ನೀನೇ ಹೇಳು.